ನರೆತ ಜಗಲಿಯ ಎಣ್ಣೆಸ್ನಾನ

ಒಂದಾನೊಂದು ಊರಿನಲ್ಲಿ ಜಟ್ಟಿಂಗರಾಯ ಅಂತ ಒಬ್ಬ ರಾಜ ಇದ್ದ. ಅವನಿಗೆ ಸಿಂಹಾಸನ ಇತ್ತು, ಆದರೆ ಕೂರುತ್ತಿರಲಿಲ್ಲ. ಚುಚ್ಚುತ್ತೆ ಅನ್ನುತ್ತಿದ್ದ. ಅರಮನೆಯ ಮುಂದೆ, ಬಯಲಲ್ಲಿ, ಹೊನ್ನೆಮರದ ಹಲಗೆ ಜೋಡಿಸಿ ಮಾಡಿದ ದೊಡ್ಡ ಜಗಲಿ ಇತ್ತು. ರಾಜ ಅಲ್ಲೇ ಕೂರುತ್ತಿದ್ದ, ಅಲ್ಲೇ ಉಣ್ಣುತ್ತಿದ್ದ, ಅಲ್ಲೇ ಕೂತು ಯುದ್ಧ ಬೇಡ ಅನ್ನುತ್ತಿದ್ದ. ಒಳ್ಳೆಯ ರಾಜ. ನಗಬೇಡಿ, ಇದಕ್ಕಿಂತ ಒಳ್ಳೆಯವನನ್ನು ನೀವು ಕಂಡಿದ್ದರೆ ಹೇಳಿ.

ಒಂದು ಬೆಳಿಗ್ಗೆ ಕೂರಲು ಹೋದ ರಾಜ ಬಗ್ಗಿ ನೋಡಿದ. ಹೊನ್ನೆಯ ಕೆಂಪು ಎಲ್ಲಿ? ಜಗಲಿ ಬೂದಿ ಬಣ್ಣಕ್ಕೆ ತಿರುಗಿತ್ತು. ಸಂದಿನಲ್ಲಿ ಪಾಚಿ, ಮೂಲೆಯಲ್ಲಿ ಕಡಲೆಕಾಯಿ ಸಿಪ್ಪೆ.

“ಏನು ಜಗಲಿ, ನಿನಗೆ ನರೆ ಬಂತಾ?”

“ಬಂತು ಬುದ್ಧಿ,” ಅಂದಿತು ಜಗಲಿ. “ಬಿಸಿಲಲ್ಲಿ ಬಿದ್ದಿದ್ದೀನಿ, ಮಳೇಲಿ ಬಿದ್ದಿದ್ದೀನಿ, ನಿಮ್ಮ ಕೆಳಗೂ ಬಿದ್ದಿದ್ದೀನಿ. ನರೆ ಬರದೆ ಇನ್ನೇನು ಮೀಸೆ ಬರುತ್ತಾ?”

ಮೀಸೆ ಅಂದ ಕೂಡಲೇ ರಾಜನ ಎದೆ ಧಸಕ್ಕೆಂದಿತು. ಕೂತ ಜಾಗಕ್ಕೆ ನರೆ ಬಂದರೆ ಕೂತವನಿಗೂ ಹತ್ತುತ್ತದೆ. ಕೆಳಗಿನಿಂದ ಹೊರಟ ನರೆ ಮೀಸೆ ಮುಟ್ಟಲು ಎಷ್ಟು ಹೊತ್ತು? ರಾಜ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡು ಕೂಗಿದ: “ಹುಣ್ಣಿಮೆಯೊಳಗೆ ಇದರ ನರೆ ಹೋಗಬೇಕು! ಇಲ್ಲದಿದ್ದರೆ ಒಡೆದು ಒಲೆಗೆ ಹಾಕಿ!”

ಜಗಲಿ ನಡುಗಿತು. ಅದರ ಮೊಳೆಗಳೆಲ್ಲ ಗಲಗಲ ಅಂದವು. ನನಗಂತೂ ಅದನ್ನು ನೆನೆದರೆ ಈಗಲೂ ಸಂಕಟ. ಓಡೋಣ ಅಂದರೆ ಅದಕ್ಕೆ ಕಾಲು ಬೇಕಾದಷ್ಟಿತ್ತು, ಎಲ್ಲವೂ ನೆಲದೊಳಗಿದ್ದವು.

ಮಂತ್ರಿ ಯೋಚಿಸಿದ. ಮೈ ಒಣಗಿ ಬೂದಿ ಬಣ್ಣವಾದರೆ ಏನು ಮಾಡುತ್ತಾರೆ? ಎಣ್ಣೆಸ್ನಾನ. ಎಣ್ಣೆಸ್ನಾನ ಅಂದರೆ ಯಾರು? ನಿಂಗಾಜಮ್ಮ. ರಾಜ್ಯದ ಕೂಸು, ಬಾಣಂತಿ, ಮದುಮಗ ಎಲ್ಲರಿಗೂ ನೀರು ಎರೆದ ಕೈ ಅವಳದು. ರಾಜನಿಗೂ ಅವಳೇ ಎರೆದದ್ದು, ಅವನು ಅವಳಿಗೆ ಇನ್ನೂ ಹೆದರುತ್ತಿದ್ದ.

ನಿಂಗಾಜಮ್ಮ ಸೆರಗು ಕಟ್ಟಿದಳು. ಒಂದು ಕೊಡ ಹರಳೆಣ್ಣೆ ಜಗಲಿಯ ಮೇಲೆ ಸುರಿದಳು.

“ಅವ್ವಾ, ಮೈಮೇಲೆ ಕೊಳೆ ಇದೆ, ಮುಂಚೆ ತೊಳಿ,” ಅಂದಿತು ಜಗಲಿ.

“ಬಾಯ್ಮುಚ್ಚು! ಎಣ್ಣೆ ಮುಂಚೆ, ನೀರು ಆಮ್ಯಾಕೆ. ಕೂಸಿಗೂ ಅದೇಯ, ಬಾಣಂತಿಗೂ ಅದೇಯ, ಬುದ್ಧಿಯೋರಿಗೂ ಅದೇಯ. ನೀನ್ಯಾವ ದೊಡ್ಡ ಮನುಷ್ಯ?”

ಎಣ್ಣೆ, ಧೂಳು, ಪಾಚಿ ಮೂರೂ ಸೇರಿ ಚೆನ್ನಾಗಿ ಕಲಸಿಕೊಂಡವು. ಅದರ ಮೇಲೆ ಹಂಡೆಹಂಡೆ ಬಿಸಿನೀರು. ರಾಜ ಬಂದ. ಕಾಲಿಟ್ಟ. ಸುರ್ರ್! ಜಗಲಿ ದಾಟಿ, ಊರಬಾಗಿಲು ದಾಟಿ, ಸಂತೆ ದಾಟಿ, ಗಡಿ ದಾಟಿ, ಪಕ್ಕದ ರಾಜ್ಯದ ಮುದ್ದಭೂಪ ಊಟಕ್ಕೆ ಕೂತಿದ್ದ ಪಂಕ್ತಿಯಲ್ಲಿ ಹೋಗಿ ಕೂತ.

“ದಂಡೆತ್ತಿ ಬಂದಿರಾ?” ಅಂದ ಮುದ್ದಭೂಪ, ತುತ್ತು ಕೈಯಲ್ಲೇ ಹಿಡಿದು.

“ಇಲ್ಲ, ಜಾರಿ ಬಂದೆ.”

“ಊಟ ಆಯ್ತಾ?”

“ಇನ್ನೂ ಇಲ್ಲ.”

“ಹಾಗಾದರೆ ಎಲೆ ಹಾಕ್ರೋ!”

ಉಂಡು, ಎಲೆಯಡಿಕೆ ಹಾಕಿ, ರಾಜ ನಡೆದು ವಾಪಸ್ ಬಂದ. ನರೆ ಹೋಗಿರಲಿಲ್ಲ. “ಎಣ್ಣೆ ಸಾಲಲಿಲ್ಲ, ನೀರು ಸಾಲಲಿಲ್ಲ,” ಅಂದಳು ನಿಂಗಾಜಮ್ಮ. ಮರುದಿನ ಮತ್ತೆ ಎಣ್ಣೆ, ಮತ್ತೆ ನೀರು, ಮತ್ತೆ ಸುರ್ರ್, ಮತ್ತೆ ಊಟ. ಅದರ ಮರುದಿನವೂ ಅಷ್ಟೇ. ಮುದ್ದಭೂಪ ಅವನ ಎಲೆಯನ್ನು ಮೊದಲೇ ಹಾಕಿಸಿಡತೊಡಗಿದ.

ನೀರು ಕಾಯಬೇಕಲ್ಲ? ಸೌದೆ ತೀರಿತು. ಮಂಚ ಹೋಯಿತು, ಏಣಿ ಹೋಯಿತು, ಬಾಗಿಲು ಹೋದವು, ಲಟ್ಟಣಿಗೆ ಹೋಯಿತು. ಚುಚ್ಚುವ ಸಿಂಹಾಸನವೂ ಹೋಯಿತು, ಅದಕ್ಕೆ ಯಾರೂ ಅಳಲಿಲ್ಲ. ಹುಣ್ಣಿಮೆ ಹತ್ತಿರ ಬಂದಾಗ ಇಡೀ ರಾಜ್ಯದಲ್ಲಿ ಉಳಿದಿದ್ದ ಮರ ಒಂದೇ, ಜಗಲಿ.

“ಇನ್ನೊಂದು ಹಂಡೆ ಕಾದರೆ ಜಗಲಿ ಹೊಳೀತದೆ,” ಅಂದಳು ನಿಂಗಾಜಮ್ಮ. “ಸೌದೆ ಕೊಡಿ.”

“ಜಗಲಿಯನ್ನೇ ಒಡೆದು ಉರಿ ಹಾಕೋಣ,” ಅಂದ ಮಂತ್ರಿ. “ಜಗಲಿ ಉಳೀಬೇಕು ಅಂದ್ರೆ ಜಗಲಿ ಸುಡಲೇಬೇಕು.”

“ಸರಿಯಾದ ಮಾತು,” ಅಂದ ರಾಜ.

“ಅಯ್ಯೋ! ಸುಟ್ಟ ಮೇಲೆ ನೀರು ಯಾರಿಗೆ ಎರೀತೀರಿ?” ಅಂತ ಜಗಲಿ ಕೂಗಿತು. ಯಾರು ಕೇಳಬೇಕು? ಕೊಡಲಿ ತರಿಸಿದರು. ಬಂದದ್ದು ಬರೀ ಕಬ್ಬಿಣ, ಹಿಡಿಯೇ ಇಲ್ಲ.

“ಕಾವು ಎಲ್ಲಿ?”

“ನೆನ್ನೆ ಒಲೆಗೆ ಹೋಯ್ತು ಬುದ್ಧಿ.”

“ಹೊಸ ಕಾವು ಹಾಕಿ.”

“ಅದಕ್ಕೆ ಮರ ಬೇಕು.”

“ಜಗಲಿಯಿಂದ ಒಂದು ತುಂಡು ಕಡೀರಿ.”

“ಕಡಿಯೋಕೆ ಕೊಡಲಿ ಬೇಕು.”

“ತನ್ನಿ ಕೊಡಲಿ!”

“ಕಾವಿಲ್ಲ ಬುದ್ಧಿ.”

ಈ ಮಾತು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇತ್ತು. ಒಲೆ ಆರಿತು. ನಿಂಗಾಜಮ್ಮನಿಗೆ ಸಿಟ್ಟು ನೆತ್ತಿಗೇರಿತು. “ತುಂಬಿದ ಹಂಡೆ ಬಿಟ್ಟು ಹೋಗೋಳಲ್ಲ ನಾನು!” ಅಂತ ತಣ್ಣೀರನ್ನೇ ಎತ್ತಿ ಹುಯ್ದಳು. ಎಣ್ಣೆ ಮುಗಿದಿತ್ತು, ಸೀಗೆಪುಡಿ ಮಾತ್ರ ಇತ್ತು. ತೆಂಗಿನ ನಾರು ಹಿಡಿದು ಹಲಗೆಯ ಉದ್ದಕ್ಕೂ ಉಜ್ಜಿದಳು, ಸಂದಿ ಸಂದಿ ಕೆರೆದಳು. ಹಳೆ ಎಣ್ಣೆ, ಪಾಚಿ, ಸಿಪ್ಪೆ ಎಲ್ಲ ಕಿತ್ತುಕೊಂಡು ಬಂತು. ರಾಜ, ಮಂತ್ರಿ ಕೊಡಲಿ ಕಾವು, ಕಾವು ಕೊಡಲಿ ಅನ್ನುತ್ತಾ ಇರುವಷ್ಟರಲ್ಲಿ ದಿನಗಳು ಕಳೆದು ಜಗಲಿ ಬಿಸಿಲಿಗೆ ಗರಿಗರಿ ಒಣಗಿತು. ಕೊಳೆ ಹೋಗಿತ್ತು, ಕೆಂಪು ಮಾತ್ರ ಬಂದಿರಲಿಲ್ಲ.

ಹುಣ್ಣಿಮೆಯ ದಿನವೇ ಮುದ್ದಭೂಪನ ಆಳು ಒಂದು ಗಡಿಗೆ ಹೊತ್ತು ಬಂದ. “ಅಗಸೆ ಎಣ್ಣೆ ಸ್ವಾಮಿ. ನಿಮ್ಮ ಎಣ್ಣೆ ಜಾರುತ್ತೆ, ನಮ್ಮದನ್ನ ಮರ ಕುಡಿಯುತ್ತೆ. ಇದನ್ನ ಹಚ್ಚಿಸಬೇಕಂತೆ. ನಮ್ಮಲ್ಲಿ ಅಕ್ಕಿ ತೀರ್ತಾ ಬಂತು.”

“ಸ್ನಾನ ಆದ ಮೇಲೆ ಎಣ್ಣೆಯಾ? ಥೂ!” ಅಂದಳು ನಿಂಗಾಜಮ್ಮ. “ಕಂಡೋರು ಏನಂದಾರು? ನನ್ನ ಕೈಲಾಗಕಿಲ್ಲ.”

ಚಂದ್ರ ಮೂಡಲು ಹೊತ್ತಿರಲಿಲ್ಲ. ಜಗಲಿ ಮೆಲ್ಲಗೆ ಅಂದಿತು: “ಅವ್ವಾ, ನೀನು ಎರೆದ ಕೂಸು ಒಂದೂ ಸಾಯಲಿಲ್ಲ ಅಂತಾರೆ. ನಾನೂ ನೀನು ಎರೆದ ಕೂಸೇ ಅಲ್ವಾ?”

ನಿಂಗಾಜಮ್ಮನ ಕರುಳು ಚುರ್ ಅಂದಿತು. ಅನಾಚಾರ ಕಾಣಬಾರದು ಅಂತ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಬಟ್ಟೆಯಲ್ಲಿ ಎಣ್ಣೆ ಅದ್ದಿ ತೆಳ್ಳಗೆ ಹಚ್ಚಿದಳು. ಮರ ಗಟಗಟ ಕುಡಿಯಿತು. ಉಳಿದದ್ದನ್ನು ಒರೆಸಿದಳು. ಕಣ್ಣು ಬಿಟ್ಟರೆ ಬೆಳದಿಂಗಳಲ್ಲಿ ಜಗಲಿ ಕೆಂಪಗೆ ಮದುಮಗಳ ಹಾಗೆ ಮಲಗಿತ್ತು!

ಒಣಗಿದ ಮೇಲೆ ರಾಜ ಕಾಲಿಟ್ಟ. ಜಾರಲಿಲ್ಲ. ಕೂತ. ಸಂತೋಷಕ್ಕೆ ಅತ್ತೇಬಿಟ್ಟ. “ಜಗಲಿ, ಏನು ಬೇಕು ಕೇಳು!”

“ಒಲೆಯಿಂದ ಒಂದು ಹಿಡಿ ಬೂದಿ ಕೊಡಿಸಿ ಬುದ್ಧಿ,” ಅಂದಿತು ಜಗಲಿ. “ಕೊಡಲಿ ಕಾವು ಕುಲಕ್ಕೆ ಸಾವು ಅಂತ ಲೋಕವೆಲ್ಲ ಅದನ್ನ ಬೈಯಿತು. ನಮ್ಮ ಕಾವು ನೋಡಿ, ತಾನೇ ಮುಂಚೆ ಬೆಂದು ನನ್ನ ಉಳಿಸಿತು.”

ಬೂದಿ ತಂದು ಅದರ ಪಕ್ಕದಲ್ಲಿಟ್ಟರು.

ಇದರ ನೀತಿ ಏನು? ಮನೆಯಲ್ಲಿ ಸೌದೆ ಎಷ್ಟೇ ಇರಲಿ, ಮೊದಲು ಕೊಡಲಿಯ ಕಾವು ಸುಡಿ. ರಾಜನ ಮೀಸೆಗೆ ಮಾತ್ರ ನರೆ ಬಂದೇ ಬಂತು. ಅದಕ್ಕೆ ಎಣ್ಣೆ ಮುಂಚೆಯೋ ನೀರು ಮುಂಚೆಯೋ ಅಂತ ಮಂತ್ರಿ ಇನ್ನೂ ಯೋಚಿಸುತ್ತಿದ್ದಾನೆ. ಅವರ ಜಗಲಿ ಒಣಗಿತು, ನನ್ನ ಗಂಟಲೂ ಒಣಗಿತು. ಏಳಿ, ಯಾರಾದರೂ ಒಂದು ಲೋಟ ಮಜ್ಜಿಗೆ ತನ್ನಿ.