ಮಾಪಕಕ್ಕೆ ಮುಡಿಸಿದ ಸೇವಂತಿಗೆ

ಕಾರ್ಖಾನೆಯ ಗ್ಯಾಸ್ ಕೋಣೆಯಲ್ಲಿ ಸೋರುವ ವಾಲ್ವೊಂದೂ ಆ ಸೋರಿಕೆಯನ್ನು ಮೂಸಿ ಕೂಗುವ ಮಾಪಕವೊಂದೂ ಇದ್ದವು. ಆಯುಧಪೂಜೆಯ ದಿನ ಮೆಕ್ಯಾನಿಕ್ ಗುರುಶಾಂತಪ್ಪ ಎರಡಕ್ಕೂ ಕುಂಕುಮ ಹಚ್ಚಿ, ಮಾಪಕ ಮೂಸುವ ನಳಿಗೆಯ ಬಾಯಿಗೆ ಭಕ್ತಿಯಿಂದ ಸೇವಂತಿಗೆ ಸಿಕ್ಕಿಸಿದ. ಮಾಪಕದ ಮುಳ್ಳು ಸೊನ್ನೆಗೆ ಬಂದು ನಿಂತಿತು.

ಮರುದಿನ ವಾಲ್ವು ಕೇಳಿತು: "ಅಯ್ಯಾ ಮಾಪಕ, ನಿನ್ನೆಯವರೆಗೆ ನನ್ನ ಮೇಲೆ ದೂರು ಹೇಳುತ್ತಿದ್ದೆ. ಈಗ ನಾನು ಸರಿಹೋದೆನೋ?"

"ತಿಳಿಯದು. ನನಗೆ ಸನ್ಮಾನವಾಗಿದೆ, ಮೂಗಿನಲ್ಲಿ ಹೂವಿದೆ."

"ಹಾಗಾದರೆ ತಿಳಿಯದು ಎಂದೇ ತೋರಿಸು. ಸೊನ್ನೆ ಏಕೆ ತೋರಿಸುತ್ತೀಯೆ?"

"ತಿಳಿಯದು ಎನ್ನುವುದಕ್ಕೆ ನನ್ನಲ್ಲಿ ಅಂಕಿಯಿಲ್ಲ" ಎಂದಿತು ಮಾಪಕ.

ಅಷ್ಟರಲ್ಲಿ ಗುರುಶಾಂತಪ್ಪ ಬಂದು, ಸೊನ್ನೆ ನೋಡಿ ಕೈಮುಗಿದ. "ಪೂಜೆ ಫಲಿಸಿತು" ಎಂದು ನೆಮ್ಮದಿಯಿಂದ ಬೀಡಿ ಕಚ್ಚಿ, ಕಡ್ಡಿಪೆಟ್ಟಿಗೆ ತೆಗೆದ.