ಬಾದಶಹನ ಮುದ್ರೆಯ ಮೇಲಿನ ಆಣೆ

"ಗುರುಗಳೇ, ಬಾದಶಹನ ಧರ್ಮ ಒಂದು. ಅವನ ಪ್ರಜೆಗಳ ಧರ್ಮ ಹತ್ತಾರು. ಆದರೂ ಆ ಮನೆತನ ತಲೆಮಾರುಗಳ ಕಾಲ ಆಳಿತಲ್ಲ, ಹೇಗೆ?" ಎಂದು ಬೊಮ್ಮರಸ ಕೇಳಿದ.

ಅವನು ಸುಮ್ಮನೆ ಕೇಳಿದ್ದಲ್ಲ. ಆ ಮನೆತನದ ಕಟ್ಟಳೆಯೇ ಇನ್ನೂ ನಡೆಯುತ್ತಿದ್ದ ಕೋಟೆಯ ಕಚೇರಿಯಲ್ಲಿ ಅವನು ಮರುದಿನ ಕೆಲಸಕ್ಕೆ ಸೇರಬೇಕಿತ್ತು. ಸಾಕ್ಷಿಗಳನ್ನು ಕರೆಸುವುದು, ಅವರಿಂದ ಆಣೆ ಮಾಡಿಸುವುದು ಅವನ ಕೆಲಸ. ಎಲ್ಲಿ ತಪ್ಪಿ ಯಾರ ಕೋಪಕ್ಕೆ ಗುರಿಯಾಗುತ್ತೇನೋ ಎಂದು ಅವನಿಗೆ ಊಟ ಸೇರುತ್ತಿರಲಿಲ್ಲ.

ಮಠದ ಗುರು ರೇವಣಾರ್ಯರು ಅವನನ್ನು ಹತ್ತಿರ ಕೂರಿಸಿಕೊಂಡರು.

"ಇದಕ್ಕೊಂದು ಕತೆ ಇದೆಯಪ್ಪ. ಆದರೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಈ ಪೀಠಕ್ಕೆ ಬಂದು ಇನ್ನೂ ವರ್ಷವಾಗಿಲ್ಲ. ಹಿಂದಿನ ಗುರುಗಳು ನಾಲ್ಕು ಮಾತಿನಲ್ಲಿ ಮುಗಿಸುತ್ತಿದ್ದರು. ನನಗೆ ಎಲ್ಲವನ್ನೂ ಬಿಡಿಸಿ ಹೇಳದಿದ್ದರೆ ಸಮಾಧಾನವಿಲ್ಲ. ಬೇಸರವಾದರೆ ಹೇಳು" ಎಂದು ಕತೆ ಆರಂಭಿಸಿದರು.

ಒಂದು ಕೋಟೆಯ ಊರಿಗೆ ಬಾದಶಹ ಹೊಸ ಅಧಿಕಾರಿಯನ್ನು ಕಳಿಸಿದ. ಆ ಅಧಿಕಾರಿ ಬಾದಶಹನ ಧರ್ಮದವನಲ್ಲ, ಈ ಊರಿನವನೂ ಅಲ್ಲ. ದೂರದ ಉತ್ತರದಿಂದ ಬಂದವನು. ಆ ಮನೆತನದ ರೀತಿಯೇ ಹಾಗೆ. ಕೆಲಸ ಬಲ್ಲವನಾದರೆ ಯಾವ ಕುಲದವನಿಗೂ ಹುದ್ದೆ ಕೊಡುತ್ತಿದ್ದರು. ಕೊಟ್ಟು, ಅವನ ಬಂಧುಬಳಗದಿಂದ ದೂರ ಕಳಿಸುತ್ತಿದ್ದರು. ಯಾಕೆಂದರೆ ಅಲ್ಲಿ ಅವನಿಗೆ ಬಾದಶಹನನ್ನು ಬಿಟ್ಟರೆ ಬೇರೆ ದಿಕ್ಕಿಲ್ಲ. ಆದ್ದರಿಂದ ಅವನು ಸದಾ ಹೆದರಿಕೊಂಡೇ ಇರುತ್ತಿದ್ದ. ಈ ಅಧಿಕಾರಿಯೂ ಹೆದರಿಕೊಂಡೇ ಬಂದ.

ಕಚೇರಿಯ ಗೋಡೆಯಲ್ಲಿ ಒಂದು ದೊಡ್ಡ ಗೂಡು ಇತ್ತು. ಅದರಲ್ಲಿ ಹಸಿರು ಬಟ್ಟೆಯಲ್ಲಿ ಸುತ್ತಿದ ಕುರಾನ್ ಇತ್ತು. ಗಂಗಾಜಲದ ಗಿಂಡಿ ಇತ್ತು. ಒಂದು ಭರಣಿಯಲ್ಲಿ ಭಂಡಾರ ಇತ್ತು. ಭಂಡಾರ ಎಂದರೆ ದೇವರ ಮುಂದಿಟ್ಟು ತಂದ ಅರಿಶಿನದ ಪುಡಿ. ಕುರಿ ಕಾಯುವವರು ಕಂಬಳಿಯ ಮೇಲೆ ನಿಂತು, ಅದನ್ನು ಮುಟ್ಟಿ ಆಣೆ ಮಾಡುತ್ತಾರೆ. ನಿನಗೆ ಗೊತ್ತಿದ್ದೀತು, ಆದರೂ ಹೇಳಿದೆ. ಲಿಂಗವಂತರಿಗಾಗಿ ಏನನ್ನೂ ಇಟ್ಟಿರಲಿಲ್ಲ. ಅವರ ಲಿಂಗ ಅವರ ಕೊರಳಲ್ಲೇ ಇರುತ್ತದೆ.

ಇದು ಬಾದಶಹನ ಅಜ್ಜನ ಕಾಲದ ಕಟ್ಟಳೆ. ಸಾಕ್ಷಿ ಹೇಳುವವನು ತನ್ನ ದೇವರ ಮೇಲೆ, ತನ್ನವರ ಹಿರಿಯರ ಎದುರಿನಲ್ಲಿ ಆಣೆ ಮಾಡಬೇಕು.

ಅಧಿಕಾರಿ ಆ ಗೂಡನ್ನು ನೋಡಿ, "ಇದೇನು ಕಚೇರಿಯೋ, ಸಂತೆಯೋ?" ಎಂದ. ಒಬ್ಬನಿಗೆ ಒಂದು ರೀತಿ, ಇನ್ನೊಬ್ಬನಿಗೆ ಇನ್ನೊಂದು ರೀತಿ ಮಾಡಿದರೆ ಪಕ್ಷಪಾತದ ಮಾತು ಏಳುತ್ತದೆ ಎಂಬ ಭಯ ಅವನಿಗೆ. ಎಲ್ಲವನ್ನೂ ಅವರವರ ಗುಡಿಗೆ, ಮಸೀದಿಗೆ ಮರ್ಯಾದೆಯಿಂದಲೇ ಕಳಿಸಿದ. ಗೂಡಿನಲ್ಲಿ ಬಾದಶಹನ ಮುದ್ರೆಯೊಂದನ್ನೇ ಇಟ್ಟ. ಇನ್ನು ಮುಂದೆ ಎಲ್ಲರೂ ಅದನ್ನೇ ಮುಟ್ಟಿ ಆಣೆ ಮಾಡಬೇಕೆಂದು ಸಾರಿಸಿದ. ಅವನ ಉದ್ದೇಶ ಒಳ್ಳೆಯದೇ. ಇದನ್ನು ನೀನು ಮರೆಯಬಾರದು.

ಒಂದು ದಿನ ಬೆಳಿಗ್ಗೆ ಊರಿನ ಕೆರೆಯ ಏರಿ ಒಡೆದಿತ್ತು. ನೀರೆಲ್ಲ ಹರಿದುಹೋಗುತ್ತಿತ್ತು. ಒಬ್ಬ ತೋಟಗಾರ ಕೈಯಲ್ಲಿ ಗುದ್ದಲಿ ಹಿಡಿದು ಏರಿ ಒಡೆದ ಜಾಗದಲ್ಲೇ ನಿಂತಿದ್ದ. ಅವನು ಮುಸಲ್ಮಾನ. ಒಬ್ಬ ಕುರಿಗಾಹಿ, "ಇವನೇ ಏರಿ ಕಡಿದದ್ದು. ನಾನು ಕಣ್ಣಾರೆ ಕಂಡೆ" ಎಂದು ಕೂಗಿದ. ಏರಿ ಕಡಿದವನ ಕೈ ಕಡಿಯಬೇಕು. ಅದು ಅಲ್ಲಿನ ಶಿಕ್ಷೆ. ಕೈ ಹೋದರೆ ತೋಟಗಾರನಿಗೆ ತೋಟವಿಲ್ಲ, ಅನ್ನವಿಲ್ಲ.

ಇಬ್ಬರನ್ನೂ ಕಚೇರಿಗೆ ತಂದರು. ಕುರಿಗಾಹಿ ಮುದ್ರೆಯನ್ನು ಮುಟ್ಟಿ ಆಣೆ ಮಾಡಿದ. ತಡವರಿಸಲಿಲ್ಲ.

ತೋಟಗಾರ ಮುದ್ರೆಯನ್ನು ಮುಟ್ಟಲಿಲ್ಲ. "ಹುಜೂರ್, ಒಡಕು ಮುಚ್ಚಲು ಹೋದವನು ನಾನು. ಮಸೀದಿಗೆ ಕರೆದುಕೊಂಡು ಹೋಗಿ, ದೇವರ ಹೆಸರಿನಲ್ಲಿ ಹೇಳುತ್ತೇನೆ. ಮನುಷ್ಯ ಮಾಡಿದ ವಸ್ತುವಿನ ಮೇಲೆ ಆಣೆ ಇಡಲು ನನ್ನ ನಾಲಗೆ ಏಳುವುದಿಲ್ಲ" ಎಂದ.

"ನಿನಗೊಂದು ಕಾನೂನು, ಅವನಿಗೊಂದು ಕಾನೂನು ಮಾಡಲಿಕ್ಕೆ ಆಗುವುದಿಲ್ಲ" ಎಂದ ಅಧಿಕಾರಿ.

ಬಾಗಿಲ ಕಾವಲುಗಾರ ತೋಟಗಾರನ ಪಕ್ಕೆ ತಿವಿದ. "ಮುಟ್ಟಿ ಹೇಳಿಬಿಡೋ ಮಾರಾಯ. ಮುದ್ರೆ ಏನು ಕಚ್ಚುತ್ತದೆಯೇ?"

"ಕಚ್ಚುವುದಾಗಿದ್ದರೆ ಈ ಅಣ್ಣ ಅಷ್ಟು ಬೇಗ ಮುಟ್ಟುತ್ತಿರಲಿಲ್ಲ" ಎಂದ ತೋಟಗಾರ.

ಕಚೇರಿಯಲ್ಲಿ ಕೆಲವರು ನಕ್ಕರು. ಅಧಿಕಾರಿಗೆ ನಗು ಬರಲಿಲ್ಲ. ಆಣೆ ಮಾಡದವನ ಮಾತು ಸಾಕ್ಷಿಯಾಗದು ಎಂದು ತಾನೇ ಸಾರಿಸಿದ್ದ. ಮರುದಿನ ಕೈ ಕಡಿಯಬೇಕೆಂದು ತೀರ್ಪು ಕೊಟ್ಟ. ಕೊಟ್ಟವನು ಮನೆಗೆ ಬಂದು ತಟ್ಟೆಯ ಮುಂದೆ ಸುಮ್ಮನೆ ಕುಳಿತ.

ಅವನ ಸಂಕಟ ಏನೆಂದು ಹೇಳುತ್ತೇನೆ. ಕೈ ಕಡಿದರೆ, ಬಾದಶಹನ ಧರ್ಮದವನ ಕೈಯನ್ನು ಬೇರೆ ಧರ್ಮದವನು ಕಡಿಸಿದ ಎಂದು ಕೋಟೆಯ ಸೈನಿಕರು ಮೇಲಕ್ಕೆ ಬರೆಯುತ್ತಾರೆ. ಬಿಟ್ಟರೆ, ಬಾದಶಹನ ಧರ್ಮದವನೆಂದು ಬಿಟ್ಟ ಎಂದು ಊರು ಆಡುತ್ತದೆ. ಇವೆರಡರ ಕೆಳಗೆ ಮೂರನೆಯದೊಂದು ಇತ್ತು. ತೋಟಗಾರ ನಿಜ ಹೇಳುತ್ತಿರಬಹುದು ಎಂದು ಅವನಿಗೆ ಅನಿಸುತ್ತಿತ್ತು. ಹೆಚ್ಚು ಕಾಡಿದ್ದು ಅದೇ.

"ಊಟ ಮಾಡಿ" ಎಂದಳು ಹೆಂಡತಿ.

"ಹಸಿವಿಲ್ಲ, ಬಾದಶಹನಾಣೆ."

ಅವಳು ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. "ನಿನ್ನೆ ರೊಟ್ಟಿ ಸೀದಿದೆ, ಬಾದಶಹನಾಣೆ ಅಂದಿರಿ. ಮೊನ್ನೆ ಹಾಸಿಗೆ ಚುಚ್ಚುತ್ತದೆ, ಬಾದಶಹನಾಣೆ ಅಂದಿರಿ. ಹಸಿವಿಲ್ಲ ಅಂತ ಮಗನ ತಲೆ ಮುಟ್ಟಿ ಹೇಳಿ, ನೋಡೋಣ."

ಮಗ ಪಕ್ಕದಲ್ಲೇ ಆಡುತ್ತಿದ್ದ. ಅಧಿಕಾರಿಯ ಕೈ ಅರ್ಧಕ್ಕೆ ಹೋಗಿ ನಿಂತಿತು. ಅವನಿಗೆ ಹಸಿವಿತ್ತು. ಅವನು ಊಟ ಬಿಟ್ಟು ಎದ್ದ.

ಮರುದಿನ ಕೈ ಕಡಿಯುವವನು ಬಂದು ಅಂಗಳದಲ್ಲಿ ಕುಳಿತಿದ್ದ. ಅಧಿಕಾರಿ ಮೊದಲು ಭಂಡಾರದ ಭರಣಿ ತರಿಸಿದ. ಕುರಿ ಕಾಯುವವರ ಹಿರಿಯನನ್ನು ಕರೆಸಿದ. ಹಿರಿಯ ಕರಿ ಕಂಬಳಿ ಹಾಸಿ, ತಟ್ಟೆಗೆ ಭಂಡಾರ ಸುರಿದು, "ಬಾರಪ್ಪ, ನಿನ್ನೆ ಹೇಳಿದ್ದನ್ನೇ ಇನ್ನೊಂದು ಸಲ ಹೇಳು" ಎಂದ.

ಕುರಿಗಾಹಿ ಕಂಬಳಿಯ ಅಂಚಿನವರೆಗೆ ಬಂದ. ಕಾಲು ಮೇಲಿಡಲಿಲ್ಲ. ತಟ್ಟೆಯನ್ನು ನೋಡಿದ, ಹಿರಿಯನ ಮುಖ ನೋಡಿದ.

"ನನ್ನ ಕುರಿ, ಒಡೆಯಾ" ಎಂದ. "ನೀರಿಗೆ ನುಗ್ಗಿದವು. ಏರಿ ಮೊದಲೇ ಸಡಿಲಾಗಿತ್ತು. ತುಳಿದ ತುಳಿತಕ್ಕೆ ಕುಸಿಯಿತು. ಕೈ ಹೋಗುತ್ತದೆಂದು ಹೆದರಿ ಇವನನ್ನು ತೋರಿಸಿದೆ."

ಅಧಿಕಾರಿ ತೋಟಗಾರನನ್ನು ಬಿಡಿಸಿದ. ಏರಿಯನ್ನು ಬೇಕೆಂದು ಕಡಿದವರು ಯಾರೂ ಇಲ್ಲವೆಂದು ಯಾರ ಕೈಯನ್ನೂ ಕಡಿಸಲಿಲ್ಲ. ಕುರಿಗಾಹಿ ಏರಿಗೆ ಮಣ್ಣು ಹೊರಬೇಕೆಂದು ವಿಧಿಸಿದ. ಗೂಡಿನ ವಸ್ತುಗಳೆಲ್ಲ ಗೂಡಿಗೆ ಮರಳಿದವು.

ರೇವಣಾರ್ಯರು ನಿಲ್ಲಿಸಿದರು. ಬೊಮ್ಮರಸನ ಎದೆ ಹಗುರಾಯಿತು. "ತಿಳಿಯಿತು ಗುರುಗಳೇ. ಬಾದಶಹ ಎಲ್ಲರ ದೇವರಿಗೂ ಕಚೇರಿಯಲ್ಲಿ ಜಾಗ ಕೊಟ್ಟ. ಅದಕ್ಕೇ ಆಳಿದ. ನಾನೂ ಹಾಗೆಯೇ ನಡೆದುಕೊಂಡರೆ ಸಾಕು."

"ಕತೆ ಮುಗಿದಿಲ್ಲವಲ್ಲಪ್ಪ. ನಾನೇ ತಪ್ಪು ಜಾಗದಲ್ಲಿ ನಿಲ್ಲಿಸಿದೆ" ಎಂದು ಅವರು ಮುಂದುವರಿಸಿದರು.

ಆ ಅಧಿಕಾರಿಗೆ ಬೇರೆ ಊರಿಗೆ ವರ್ಗವಾಯಿತು. ಇನ್ನೊಬ್ಬ ಬಂದ. ಅವನಿಗೆ ಕೆರೆಯ ಏರಿಯ ಕತೆಯನ್ನು ಊರವರೇ ಹೆಮ್ಮೆಯಿಂದ ಹೇಳಿದರು. ಅವನು ಗಮನವಿಟ್ಟು ಕೇಳಿದ. ಗೂಡಿನಿಂದ ಒಂದು ವಸ್ತುವನ್ನೂ ತೆಗೆಸಲಿಲ್ಲ. ಪ್ರತಿದಿನ ಅದಕ್ಕೆ ಕೈಮುಗಿಯುತ್ತಿದ್ದ. ಜನ ಅವನನ್ನು ಧರ್ಮಾತ್ಮ ಎಂದರು.

ಆಮೇಲೆ ಅವನು ಸಣ್ಣಪುಟ್ಟದಕ್ಕೂ ಆಣೆ ಮಾಡಿಸತೊಡಗಿದ. ಯಾರು ಧಾನ್ಯ ಬಚ್ಚಿಟ್ಟಿದ್ದಾರೆ, ಯಾರ ಮನೆಯಲ್ಲಿ ಯಾರು ತಲೆಮರೆಸಿಕೊಂಡಿದ್ದಾರೆ, ಬಾದಶಹನ ಬಗ್ಗೆ ಯಾರು ಏನು ಆಡಿದರು, ಎಲ್ಲದಕ್ಕೂ. ಕುರಿಗಾಹಿಯ ಮುಂದೆ ಭಂಡಾರದ ತಟ್ಟೆ ಇಟ್ಟು, "ನಿನ್ನ ತಮ್ಮ ಎಲ್ಲಿದ್ದಾನೆ?" ಎಂದು ಕೇಳಿದ. ತೋಟಗಾರನನ್ನು ಮಸೀದಿಗೆ ಕರೆದುಕೊಂಡು ಹೋಗಿ, "ನಿನ್ನ ನೆರೆಯವನು ಏನಂದ?" ಎಂದು ಕೇಳಿದ. ಸುಳ್ಳು ಹೇಳಲಾರದೆ ಅವರು ನಿಜ ಹೇಳಿದರು. ನಿಜ ಹೇಳಿ ಮನೆಗೆ ಹೋಗಿ ಅತ್ತರು. ಹಿಂದಿನ ವರ್ಷ ಒಬ್ಬನ ಕೈ ಉಳಿಸಿದ ತಟ್ಟೆಯೇ ಈ ವರ್ಷ ಎಷ್ಟೋ ಮನೆಗಳನ್ನು ಒಡೆಯಿತು. ಅಧಿಕಾರಿ ಕಟ್ಟಳೆ ಮೀರಿದ ಎಂದು ಯಾರೂ ದೂರು ಕೊಡುವಂತಿರಲಿಲ್ಲ. ಅವನು ಕಟ್ಟಳೆಯನ್ನು ಮೀರಿಯೇ ಇರಲಿಲ್ಲ.

ಬೊಮ್ಮರಸ ಮುಂದಕ್ಕೆ ಸರಿದು ಕುಳಿತ. "ಹಾಗಾದರೆ ಈ ಇಬ್ಬರಲ್ಲಿ ಬಾದಶಹನ ರೀತಿ ಯಾವುದು? ನಾನು ಯಾರಂತೆ ಇರಬೇಕು?"

"ಹೇಳುತ್ತೇನೆ. ಇದನ್ನು ಸರಿಯಾಗಿ ಬಿಡಿಸಬೇಕು, ಅವಸರ ಮಾಡಬೇಡ. ಇಬ್ಬರಿಗೂ ಬಾದಶಹ ಕೊಟ್ಟ ಕಟ್ಟಳೆ ಒಂದೇ. ಜನ ಯಾವುದಕ್ಕೆ ಹೆದರುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಮೊದಲನೆಯವನ ಕೈ ಮಗನ ತಲೆಯ ಹತ್ತಿರ ಹೋದಾಗ ಆ ಹೆದರಿಕೆ ಅವನಿಗೂ..."

"ಬುದ್ಧೀ!" ಎಂದು ಅಡುಗೆಯ ಗಂಗವ್ವ ಹೊರಗಿನಿಂದ ಕೂಗಿದಳು. "ಕೋಟೆಯ ಕಚೇರಿಯಿಂದ ಆಳು ಬಂದಿದ್ದಾನೆ. ನಮ್ಮ ಮಠದ ಒಕ್ಕಲಿನವನೊಬ್ಬನಿಂದ ಆಣೆ ಮಾಡಿಸಬೇಕಂತೆ. ಹಿರಿಯರಾಗಿ ತಾವು ಎದುರಿಗಿರಬೇಕಂತೆ. ಯಾವ ವಿಚಾರವೆಂದು ಕೇಳಿದರೆ ಬಾಯಿ ಬಿಡುತ್ತಿಲ್ಲ, ಬೇಗ ಬರಬೇಕಂತೆ."

ರೇವಣಾರ್ಯರು ಎದ್ದರು. ಶಾಲು ಹೊದ್ದರು. ಅದು ಹೆಗಲಿನಿಂದ ಜಾರಿತು, ಮತ್ತೆ ಹೊದ್ದರು.

"ಗುರುಗಳೇ, ಮಗನ ತಲೆಯ ಹತ್ತಿರ ಕೈ ಹೋದಾಗ ಏನಾಯಿತು? ಅದೊಂದು ಹೇಳಿ ಹೋಗಿ" ಎಂದು ಬೊಮ್ಮರಸ ಹಿಂದೆಯೇ ಬಾಗಿಲವರೆಗೆ ಬಂದ.

ಅವರು ಹೊಸಿಲಿನಲ್ಲಿ ನಿಂತು ತಿರುಗಿದರು.

"ಇವತ್ತು ಒಬ್ಬನನ್ನು ನಡುಗಿಸುವುದಕ್ಕೆ ನನ್ನನ್ನು ಕರೆಯುತ್ತಿದ್ದಾರೆ ಬೊಮ್ಮರಸ, ನಾಳೆಯಿಂದ ಈ ಆಳನ್ನು ಕಳಿಸುವವನು ನೀನು."