ಮೂರು ಡಬ್ಬಿ ಅಂಟು

"ಯಾವ ಮಾತು ಹೇಳಿದರೆ ಮುರಿದ ಸ್ನೇಹ ಕೂಡುತ್ತದೆ, ಗುರುಗಳೇ?"

ಕೇಳಿದವನು ಮಡಿವಾಳಯ್ಯ. ಅವನೂ ಚನ್ನಮಲ್ಲನೂ ಏಳು ವರ್ಷ ಒಂದೇ ಮಠದಲ್ಲಿ ಓದಿದವರು, ಒಂದೇ ಪಂಕ್ತಿಯಲ್ಲಿ ಉಂಡವರು. ಎರಡು ತಿಂಗಳ ಹಿಂದೆ ಸಂಜೆಯ ಪ್ರಾರ್ಥನೆಯಲ್ಲಿ ಚನ್ನಮಲ್ಲ ಹಾಡುತ್ತಿದ್ದ. ಗುರುಗಳು ಒಳಕೋಣೆಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಡಿವಾಳಯ್ಯ ನಡುವೆ ಕೈಯೆತ್ತಿ ಹಾಡು ನಿಲ್ಲಿಸಿ, "ತಾಳ ತಪ್ಪಿತು" ಎಂದ. ಕೂತವರು ನಕ್ಕರು. ಮರುದಿನವೇ ಚನ್ನಮಲ್ಲ ಗಂಟುಮೂಟೆ ಕಟ್ಟಿಕೊಂಡು ಪಕ್ಕದೂರಿನ ಸೋದರಮಾವನ ಹಿಟ್ಟಿನ ಗಿರಣಿ ಸೇರಿದ. ಅಲ್ಲಿ ಅವನು ಹಾಡುವುದನ್ನೇ ಬಿಟ್ಟಿದ್ದಾನೆ ಎಂಬ ಸುದ್ದಿ ಬಂದ ಮೇಲೆ ಮಡಿವಾಳಯ್ಯನಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ.

ಅವನು ಸುಮ್ಮನೆ ಕೂತವನೇನಲ್ಲ. ಮೊದಲು ಅಚ್ಚುಕಟ್ಟಾದ ಒಂದು ಕಾಗದ ಬರೆದ. ಕ್ಷಮೆಯ ಮಹಿಮೆ ಹೇಳುವ ಶ್ಲೋಕವನ್ನೂ ಅದರಲ್ಲಿ ಸೇರಿಸಿದ್ದ. ಆಮೇಲೆ ತಾನೇ ಹೋಗಿ ಹಿತವಾದ ನಾಲ್ಕು ಮಾತಾಡಿ ಬಂದ. ಮೂರನೆಯ ಸಲ ಇಬ್ಬರು ಹಿರಿಯರನ್ನು ಮುಂದಿಟ್ಟುಕೊಂಡು ಹೋದ. ಮೂರಕ್ಕೂ ಚನ್ನಮಲ್ಲನದು ಒಂದೇ ಉತ್ತರ: "ನನಗೇನೂ ಬೇಸರವಿಲ್ಲ." ಬಂದವರಿಗೆ ಚಹಾ ಕೊಟ್ಟ, ಬಾಗಿಲವರೆಗೆ ಬಂದು ಕಳಿಸಿಕೊಡಲಿಲ್ಲ.

ಈಗ ಮಡಿವಾಳಯ್ಯನ ಪಕ್ಕದಲ್ಲಿ ಬಾಳೆಹಣ್ಣಿನ ಬುಟ್ಟಿಯಿತ್ತು. ನಾಲ್ಕನೆಯ ಸಲದ ತಯಾರಿ ಅದು. ಗುರುಗಳು ಬುಟ್ಟಿಯನ್ನು ನೋಡಿದರು, ಶಿಷ್ಯನನ್ನು ನೋಡಿದರು.

"ಮಾತಿನ ವಿಷಯ ಆಮೇಲೆ ನೋಡೋಣ. ಮೊದಲು ಕಲ್ಲಿನ ವಿಷಯ ಕೇಳು," ಎಂದು ಹೇಳತೊಡಗಿದರು.

ಒಬ್ಬ ಕಲ್ಲು ಕೆಲಸದವನಿದ್ದ. ಊರ ಹೊರಗೆ ತಗಡಿನ ಚಪ್ಪರ ಹಾಕಿಕೊಂಡು ಗ್ರಾನೈಟ್ ಕೊಯ್ದು, ಉಜ್ಜಿ ಕೊಡುವುದು ಅವನ ಕಸುಬು. ಪಾಲಿಶ್‌ನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಕಲ್ಲಿನಲ್ಲಿ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳಬಹುದು ಎಂದು ಜನ ಆಡಿಕೊಳ್ಳುತ್ತಿದ್ದರು. ಯಾರ ಕಣ್ಣಿಗೂ ಬೀಳದ ಬದಿಗಳನ್ನೂ ಅವನು ಹಾಗೆಯೇ ಉಜ್ಜುತ್ತಿದ್ದ. ಕಾಣದ ಕಡೆ ಕಳ್ಳಗೆಲಸ ಮಾಡಬಾರದು ಎಂಬುದು ಅವನ ಅಪ್ಪ ಹೇಳಿಹೋದ ಮಾತು. ಅಪ್ಪನೂ ಅವನೂ ಅಲ್ಲಿಯವರೆಗೆ ಮಾಡಿದ್ದೆಲ್ಲ ಒಂಟಿ ಕಲ್ಲಿನ ಕೆಲಸ: ಮೆಟ್ಟಿಲು, ಹೊಸ್ತಿಲು, ಅಡುಗೆಕಟ್ಟೆ.

ಒಂದು ದಿನ ಒಬ್ಬ ಮುದುಕಿ ಬಂದಳು. ಊರಿನ ಆಸ್ಪತ್ರೆಯ ಮುಂದೆ ಹಾಕಲು ಒಂದು ಉದ್ದನೆಯ ಕಲ್ಲಿನ ಆಸನ ಬೇಕು, ಬೆನ್ನಿಗೆ ಒರಗುಗಲ್ಲೂ ಇರಬೇಕು ಎಂದಳು.

"ನನ್ನ ಮೊದಲನೇ ಹೆರಿಗಿಗೆ ನಮ್ಮ ಮನಿಯವರು ಎರಡು ದಿನ ಅಲ್ಲೇ ನಿಂತಿದ್ರಪಾ. ಕುಂದ್ರಾಕ ಒಂದು ಕಲ್ಲೂ ಇರಲಿಲ್ಲ. ಬರೂ ಅಮಾಸಿಗೆ ಅವರು ಹೋಗಿ ವರ್ಷ ಆಗತೈತಿ. ಅಷ್ಟರೊಳಗ ಮಾಡಿ ಕೊಡು. ಬಸುರಿ ಹೆಣ್ಣುಮಕ್ಕಳು ಒರಗತಾರ, ಗಟ್ಟಿ ಇರಲಿ."

ಅವನು ಒಪ್ಪಿಕೊಂಡ. ಆಸನವನ್ನೂ ಒರಗುಗಲ್ಲನ್ನೂ ಎಲ್ಲ ಬದಿಗೂ ಕನ್ನಡಿಯಂತೆ ಉಜ್ಜಿದ. ಕೈಗೆ ಸಿಕ್ಕ ಅಂಟು ಹಚ್ಚಿ ಎರಡನ್ನೂ ಕೂಡಿಸಿದ. ಕಾಲು ಗಂಟೆಯಲ್ಲಿ ಗಟ್ಟಿಯಾಗುವ ಅಂಟು ಅದು. ಬೆಳಗ್ಗೆ ಕೆಲಸಗಾರರನ್ನೆಲ್ಲ ಕರೆದು, ಗತ್ತಿನಿಂದ ಕೂತು ಒರಗಿದ. ಒರಗುಗಲ್ಲಿನ ಸಮೇತ ಹಿಂದಿನ ಮರಳಿನ ರಾಶಿಗೆ ಬಿದ್ದ. ಕಲ್ಲಿಗೆ ಏನೂ ಆಗಲಿಲ್ಲ, ಹೋದದ್ದು ಮರ್ಯಾದೆ ಮಾತ್ರ.

ಅಂಟಿನ ವ್ಯಾಪಾರಿಯ ಅಂಗಡಿಗೆ ಹೋಗಿ, "ಗಟ್ಟಿಗಿಂತ ಗಟ್ಟಿ ಯಾವುದೈತಿ, ಅದನ್ನ ಕೊಡ್ರಿ" ಎಂದ. ವ್ಯಾಪಾರಿ ಎರಡು ಪಾಲಿನ ಅಂಟು ಕೊಟ್ಟ. ಎರಡನ್ನೂ ಅಳತೆ ತಪ್ಪದೆ ಕಲಸಬೇಕು, ಒಂದು ದಿನ ಕಾಯಬೇಕು. ಕಲಸಿದ, ಕಾಯ್ದ. ಕೈಯಿಂದ ದಬ್ಬಿದ್ದೇ ತಡ, ಹೆಂಚಿನಿಂದ ದೋಸೆ ಎದ್ದಂತೆ ಎದ್ದುಬಂತು. ಮತ್ತೆ ಹೋದ. ಈ ಸಲ ಹಡಗಿನಲ್ಲಿ ಬಂದ ಪರದೇಶದ ಡಬ್ಬಿ ತಂದ. ಅದರದೂ ಅದೇ ಹಾಡು.

ಅಮಾವಾಸ್ಯೆಗೆ ಐದು ದಿನ ಉಳಿದಿತ್ತು. ತನ್ನ ಕೈಲಾಗದು ಎಂದು ಮುದುಕಿಗೆ ಹೇಳಿಬಿಡುವುದೇ ಸರಿ ಎನಿಸಿತು. ಎರಡು ದಿನ ನಿಂತೇ ಇದ್ದ ಆ ಗಂಡಸಿಗೆ ಈಗಲೂ ಕೂರಲು ಜಾಗವಿಲ್ಲ ಎಂದು ಹೇಗೆ ಹೇಳುವುದು? ದುಃಖ ಬಂತು, ದುಃಖದ ಹಿಂದೆಯೇ ಸಿಟ್ಟು ಬಂತು. ಎರಡೂ ಕಲ್ಲುಗಳನ್ನು ಗಾಡಿಗೆ ಹೇರಿಕೊಂಡು ವ್ಯಾಪಾರಿಯ ಅಂಗಡಿ ಮುಂದೆ ತಂದು ಇಳಿಸಿ, ಬಾಯಿಗೆ ಬಂದಂತೆ ಬೈದ.

ವ್ಯಾಪಾರಿ ಬೈಗುಳ ಮುಗಿಯುವವರೆಗೆ ಕಾದ. ಆಮೇಲೆ ಬಗ್ಗಿ ಎರಡೂ ಕಲ್ಲಿನ ಬದಿಗಳ ಮೇಲೆ ಬೆರಳಾಡಿಸಿದ.

"ಅಂಟು ಸೋತಿದ್ರ ಅರ್ಧ ಈ ಕಲ್ಲಿಗೆ, ಅರ್ಧ ಆ ಕಲ್ಲಿಗೆ ಹರಕೊಂಡು ಉಳೀತಿತ್ತು. ಇದು ಇಡಿಯಾಗಿ ಎದ್ದೈತಿ ನೋಡ್ರಿ. ಹಿಡಕೊಳ್ಳಾಕ ನೀವು ಅದಕ್ಕ ಒಂದು ಗೀರೂ ಬಿಟ್ಟಿಲ್ಲ."

"ಗೀರು ಬಿಟ್ರ ಅದು ಹೊಲಸು ಕೆಲಸ. ನಮ್ಮಪ್ಪ ಕಲಿಸಿದ್ದು ಹಂಗಲ್ಲ."

"ಕಾಣೂ ಕಡೆ ಎಷ್ಟರ ಪಾಲಿಶ್ ಮಾಡ್ರಿ, ಯಾರು ಬ್ಯಾಡಂತಾರ? ಕೂಡೂ ಕಡೆ ಕಲ್ಲು ಕಲ್ಲಾಗೇ ಇರಬೇಕು."

ಆ ವ್ಯಾಪಾರಿ ಅಂದು ಏನನ್ನೂ ಮಾರಲಿಲ್ಲ. ಬಿಸಿಲು ಮಳೆಗೆ ಮೈಯೊಡ್ಡುವ ಕಲ್ಲಿಗೆ ಎರಡು ಪಾಲಿನ ಅಂಟೇ ಸರಿ, ಅದು ನಿಮ್ಮಲ್ಲೇ ಉಳಿದಿದೆ, ಹೋಗಿ ಎಂದು ಕಳಿಸಿದ.

ಕಲ್ಲು ಕೆಲಸದವನು ಚಪ್ಪರಕ್ಕೆ ಬಂದು ಕಲ್ಲು ತರಿಯುವ ಒರಟು ಚಕ್ರ ಕೈಗೆತ್ತಿಕೊಂಡ. ಎತ್ತಿಕೊಂಡು ಬಹಳ ಹೊತ್ತು ನಿಂತ. ಮೂರು ದಿನ ಕೂತು ಉಜ್ಜಿದ ಬದಿ ಅದು. ತನ್ನ ಕೈಯಾರೆ ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದನೋ ಎಂದೂ ಅನಿಸಿತು. ಕಡೆಗೆ, ಅಪ್ಪನಿಗೆ ಬೇಕಾಗಿದ್ದದ್ದು ಹೊಳಪಲ್ಲ, ಮೋಸವಿಲ್ಲದ ಕೆಲಸ ಎಂದು ತನಗೆ ತಾನೇ ಹೇಳಿಕೊಂಡು ಚಕ್ರ ಹಚ್ಚಿದ. ಹೊಳಪು ಹೋಯಿತು. ಬೂದು ಬಣ್ಣದ, ತರಿತರಿಯಾದ ಹಸಿ ಕಲ್ಲು ಕಂಡಿತು. ಧೂಳು ತೊಳೆದು ಇಡೀ ದಿನ ಬಿಸಿಲಿಗೆ ಒಣಗಿಸಿದ. ಅಂಟು ಹಚ್ಚಿ, ಬಿಗಿದು ಕಟ್ಟಿ, ಎರಡು ದಿನ ಮುಟ್ಟಲಿಲ್ಲ.

ಜೊತೆಗೆ ಅದೇ ರೀತಿ ಎರಡು ಚೂರು ಕಲ್ಲುಗಳನ್ನೂ ಅಂಟಿಸಿಟ್ಟಿದ್ದ. ಅಮಾವಾಸ್ಯೆಯ ಬೆಳಗ್ಗೆ ಅವುಗಳ ಮೇಲೆ ಸುತ್ತಿಗೆ ಎತ್ತಿ ಹೊಡೆದ. ಕಲ್ಲು ಒಡೆಯಿತು, ಬೆಸುಗೆ ಬಿಡಲಿಲ್ಲ. ಅವನು ಒಬ್ಬನೇ ನಿಂತು ಗಟ್ಟಿಯಾಗಿ ನಕ್ಕ.

ಮಧ್ಯಾಹ್ನದೊಳಗೆ ಆಸನ ಆಸ್ಪತ್ರೆಯ ಮುಂದೆ ಕೂತಿತ್ತು. ಮುದುಕಿ ಬಂದು ಕೂತಳು, ಮೆಲ್ಲಗೆ ಬೆನ್ನು ಒರಗಿಸಿದಳು. ಪಕ್ಕದ ಖಾಲಿ ಜಾಗವನ್ನು ಕೈಯಿಂದ ತಟ್ಟಿ, "ಈಗರ ಕುಂದರ್ರಿ" ಎಂದಳು. ಯಾರಿಗೆ ಹೇಳಿದಳೆಂದು ಯಾರೂ ಕೇಳಲಿಲ್ಲ. ಹನ್ನೆರಡು ಮಳೆಗಾಲ ಕಳೆದಿವೆ, ಆ ಒರಗುಗಲ್ಲು ಅಲ್ಲಾಡಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ನಾನು ಕಾಗದದಲ್ಲಿ ಕ್ಷಮೆ ಕೇಳಿದೆ, ಎದುರಿಗೆ ಹೋಗಿ ಕೇಳಿದೆ, ಹಿರಿಯರಿಂದಲೂ ಹೇಳಿಸಿದೆ. ಇನ್ನು ಹೇಳುವುದು ಏನು ಉಳಿದಿದೆ, ಗುರುಗಳೇ?"

"ಆ ಸಂಜೆ ತಾಳ ತಪ್ಪಿರಲಿಲ್ಲ ಎಂದು ಅವನಿಗೆ ಹೇಳಿದ್ದೀಯಾ?"

ಮಡಿವಾಳಯ್ಯ ಎದ್ದು, ಹಣ್ಣಿನ ಬುಟ್ಟಿಯನ್ನು ಅಲ್ಲೇ ಬಿಟ್ಟು, ಹಿಟ್ಟಿನ ಗಿರಣಿಯ ದಾರಿ ಹಿಡಿದ.